ಕೇಳಿದ್ದೂ ಓದೇ

ಎಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆಯಲ್ಲಿ ಯಾರು ಏನೇನು ಓದಿದರು ಅಂತ ಬರೆಯೋಕೆ ನಮ್ಮ ಗ್ರಂಥಾಲಯದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ರಜೆ ಮುಗಿಸಿ ಬಂದ ಮೇಲೆ ನಾನು ಅದರಲ್ಲಿ ಒಂಬತ್ತು ಪುಸ್ತಕಗಳ ಹೆಸರು ಬರೆದೆ. ಪಕ್ಕದಲ್ಲಿದ್ದವರೊಬ್ಬರು, "ಒಂಬತ್ತೂ ಓದಿದ್ರಾ ಟೀಚರೇ?" ಅಂದರು. "ಐದು ಓದಿದೆ, ನಾಲ್ಕು ಫೋನಿನಲ್ಲಿ ಕೇಳಿದೆ" ಅಂದೆ. "ಹಾಗಾದ್ರೆ ಐದೇ ಬರೀರಿ. ಕೇಳಿದ್ದು ಲೆಕ್ಕಕ್ಕಿಲ್ಲ" ಅಂದರು. ಒಳ್ಳೆಯ ಓದುಗರು ಅವರು, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಕೇಳಿದ್ದು ಲೆಕ್ಕಕ್ಕಿದೆ. ಇವತ್ತು ನಾನು ಹೇಳೋಕೆ ಬಂದಿರೋದು ಅಷ್ಟನ್ನೇ.

ಈ ರಜೆ ಪೂರ್ತಿ ನಾನು ತೀರ್ಥಹಳ್ಳಿ ಕಡೆ ತವರಿನಲ್ಲಿದ್ದೆ. ಮೇ ಮೊದಲ ವಾರ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹಳೇ ಕನ್ನಡಕ ಇನ್ನು ಹೊಂದುವುದಿಲ್ಲ, ಹೊಸದಕ್ಕೆ ಒಂದು ತಿಂಗಳು ಕಾಯಬೇಕು. ಅಲ್ಲಿವರೆಗೆ ತಲೆ ಬಗ್ಗಿಸಬಾರದು, ಹೊಗೆಯ ಹತ್ತಿರ ಹೋಗಬಾರದು. ಎಪ್ಪತ್ತೆಂಟು ವರ್ಷದ ಅಮ್ಮ ಒಂದು ದಿನವೂ ಪುಸ್ತಕ ಇಲ್ಲದೆ ಮಲಗಿದವರಲ್ಲ. ಎರಡನೇ ದಿನಕ್ಕೇ, "ಏನಾದ್ರೂ ಓದೇ, ಸುಮ್ನೆ ಕೂತು ಕೂತು ತಲೆ ಕೆಡ್ತದೆ" ಅಂದರು. ಏನು ಓದಲಿ ಅಂತ ಕೇಳಿದ್ದಕ್ಕೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಅಂದರು. ಏಳುನೂರು ಪುಟ ದಾಟುವ ಪುಸ್ತಕ. ದಿನಕ್ಕೆ ಇಪ್ಪತ್ತೈದು ಪುಟ, ಒಂದೂವರೆ ಗಂಟೆ. ಸರಿಯಾಗಿ ಒಂದು ತಿಂಗಳು.

ಮೇ ಅಂದರೆ ಅಲ್ಲಿ ಹಲಸಿನ ಹಪ್ಪಳದ ಕಾಲ. ಜಗಲಿಯಲ್ಲಿ ಅಕ್ಕಪಕ್ಕದ ನಾಲ್ಕು ಜನ ಕೂತು ಹಪ್ಪಳ ಒತ್ತುತ್ತಿದ್ದರು. ಅಮ್ಮ ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ. ನಾನು ಕೆಳಗೆ ಪುಸ್ತಕ ಹಿಡಿದು. ಮೊದಲ ದಿನ ನಾಯಿಗುತ್ತಿ ಅನ್ನೋ ಪಾತ್ರದ ಮಾತು ಬಂತು. ನಾನು ಕ್ಲಾಸಿನಲ್ಲಿ ಓದೋ ಹಾಗೆ ಸರಸರ ಓದಿದೆ. ಅಮ್ಮ ತಡೆದರು. "ಹಂಗಲ್ಲ ಮಾರಾಯ್ತಿ, ಗುತ್ತಿ ಹಂಗೆ ಮಾತಾಡ್ತಾನಾ?" ಅಂತ ತಾವೇ ಆ ಮಾತು ಆಡಿ ತೋರಿಸಿದರು. ನಾನು ಕಾಲೇಜಿನಲ್ಲಿ ಒಮ್ಮೆ, ಮದುವೆಯಾದ ಮೇಲೆ ಒಮ್ಮೆ ಓದಿದ್ದ ಕಾದಂಬರಿ ಅದು. ಗುತ್ತಿಯ ದನಿ ನನಗೆ ಕೇಳಿಸಿದ್ದು ಅವತ್ತೇ ಮೊದಲು. ಅಮ್ಮ ಹುಟ್ಟಿದ್ದು ಮೇಗರವಳ್ಳಿ ಹತ್ತಿರ. ಆ ಊರು ಪುಸ್ತಕದೊಳಗೇ ಇದೆಯಲ್ವಾ! ಅವರಿಗೆ ಅದು ಕಥೆಯಲ್ಲ, ಅಜ್ಜಿಯ ಕಾಲದ ನೆರೆಹೊರೆ.

ಇನ್ನೊಂದು ಗುಟ್ಟು ಹೇಳಬೇಕು. ಕಣ್ಣಿನಿಂದ ಓದುವಾಗ ನಾವು ಹಾರಿಸುತ್ತೇವೆ. ಕಾಡಿನ ವರ್ಣನೆ ಎರಡು ಪುಟ ಬಂದರೆ ಕಣ್ಣು ಜಾರಿ ಮುಂದಿನ ಮಾತುಕತೆಗೆ ಹೋಗಿ ನಿಲ್ಲುತ್ತದೆ. ನಾನೂ ಎರಡು ಸಲವೂ ಹಾಗೇ ಮಾಡಿದ್ದೆ. ಕಿವಿ ಹಾಗಲ್ಲ. ಪ್ರತಿ ಮರ, ಪ್ರತಿ ಹಕ್ಕಿ, ಪ್ರತಿ ಇಳಿಜಾರು ಒಂದಾದ ಮೇಲೊಂದು ಬರಬೇಕು. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲ ಪುಟದಲ್ಲೇ ಹೇಳಿದ್ದಾರೆ. ಆ ಮಾತು ಎಷ್ಟು ನಿಜ ಅನ್ನೋದು ಒಂದು ಸಾಲೂ ಬಿಡದೆ ಗಟ್ಟಿಯಾಗಿ ಓದಿದಾಗ ಗೊತ್ತಾಯಿತು.

ಹಪ್ಪಳ ಒತ್ತುತ್ತಿದ್ದವರಲ್ಲಿ ಒಬ್ಬರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಾರನೇ ದಿನ ನಾನು ಪುಟದ ಗುರುತಿಗಿಟ್ಟ ಚೀಟಿ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದರೆ ಅವರು, "ಹುಡುಕೋದೆಂತಕ್ಕೆ? ನಿನ್ನೆ ಗುತ್ತಿ, ನಾಯಿ ಹುಲಿಯ ಇಬ್ರೂ ಕಾಡು ದಾರೀಲಿದ್ರಲ್ಲ" ಅಂದರು. ಪುಟ ತೆಗೆದು ನೋಡಿದೆ. ಸರಿಯಾಗಿ ಅಲ್ಲಿಗೇ ನಿಂತಿತ್ತು. 'ಕವಿರಾಜಮಾರ್ಗ'ದ ಆ ಮಾತು ನಾವೆಲ್ಲ ಪರೀಕ್ಷೆಗೆ ಬರೆದಿದ್ದೇವೆ, "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್". ಓದು ಕಲಿಯದೆಯೂ ಕಾವ್ಯ ಬಲ್ಲ ಜನ. ಒಂಬತ್ತನೇ ಶತಮಾನದಲ್ಲಿ ಆ ಜನಕ್ಕೆ ಕಾವ್ಯ ಬಂದಿದ್ದಾದರೂ ಎಲ್ಲಿಂದ? ಕಿವಿಯಿಂದಲೇ ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ಒಂದೇ ಪುಸ್ತಕ. ನಾನು ಓದಿದೆ, ಅಮ್ಮ ಕೇಳಿದರು. ನನ್ನದು ನೋಟ್‌ಬುಕ್ಕಿಗೆ ಸೇರುತ್ತೆ, ಅಮ್ಮನದು ಸೇರಲ್ಲ ಅನ್ನೋದು ಯಾವ ನ್ಯಾಯ? ಇಬ್ಬರಲ್ಲಿ ಪುಸ್ತಕ ಜಾಸ್ತಿ ದಕ್ಕಿದ್ದು ಅಮ್ಮನಿಗೆ.

ನಮ್ಮ ಹಿರಿಯರು ಕುಮಾರವ್ಯಾಸನನ್ನು ಮೌನವಾಗಿ ಓದಿದವರಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕಿ ವಾಚನ ಮಾಡುತ್ತಿದ್ದರು, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು, ಮಿಕ್ಕವರು ಕೇಳುತ್ತಿದ್ದರು. ಶಿವಮೊಗ್ಗ ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಈ ಗಮಕಕ್ಕೇ. ಕುಮಾರವ್ಯಾಸ 'ಹಾಡಿದನೆಂದರೆ' ಭಾರತ 'ಕಣ್ಣಲಿ' ಕುಣಿಯುತ್ತದೆ ಅಂದರು ಕುವೆಂಪು. ಕಿವಿಗೆ ಬಿದ್ದಿದ್ದು ಕಣ್ಣಿಗೆ ಕಾಣುತ್ತದೆ ಅಂತ ಅವರೇ ಹೇಳಿದ ಮೇಲೆ ನಾನು ಹೇಳುವುದೇನಿದೆ?

ಆಡಿಯೋ ಬುಕ್ ಸೋಮಾರಿಗಳದ್ದು ಅನ್ನುವವರಿಗೆ ಒಂದು ವಿಷಯ. 1935ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಮಾತಾಡುವ ಪುಸ್ತಕಗಳು ಶುರುವಾದವು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಕಷ್ಟ ಅದರ ಹಿಂದಿತ್ತು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತೈದು ನಿಮಿಷ. ಒಂದು ಕಾದಂಬರಿಗೆ ಹತ್ತರಷ್ಟು ತಟ್ಟೆ ಬೇಕಾಗುತ್ತಿತ್ತು. ಮೊದಲ ಕಂತಿನಲ್ಲೇ ಅಗಾಥಾ ಕ್ರಿಸ್ಟಿಯ ಒಂದು ಪತ್ತೇದಾರಿ ಕಾದಂಬರಿ ಇತ್ತು. ಯೋಚನೆ ಮಾಡಿ, ಕೊಲೆಗಾರ ಯಾರು ಅಂತ ತಿಳಿಯೋಕೆ ಎಷ್ಟು ಸಲ ತಟ್ಟೆ ತಿರುವಿ ಹಾಕಬೇಕು! ಅದೇ ವರ್ಷ ಸೆಪ್ಟೆಂಬರ್ 10ಕ್ಕೆ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದ್ದರು. ಅದೇ ನಮ್ಮ 'ಆಕಾಶವಾಣಿ'. ಎರಡೂ ಒಂದೇ ವರ್ಷದಲ್ಲಿ ಬಂದಿದ್ದು ನನಗೆ ಬಹಳ ಖುಷಿಯ ಸಂಗತಿ.

ಕೇಳುವುದರಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಒಂದು ಇತಿಹಾಸದ ಪುಸ್ತಕವನ್ನು ಬಸ್ಸಿನಲ್ಲಿ ಕೇಳಿದೆ. ಇಸವಿಗಳು, ರಾಜರ ಹೆಸರುಗಳು ಎಲ್ಲ ಕಲಸಿಹೋದವು. ಕೊನೆಗೆ ಅಚ್ಚಿನ ಪುಸ್ತಕ ತಂದು ಪೆನ್ಸಿಲ್ ಹಿಡಿದು ಕೂತೆ. ಅಂಥ ಪುಸ್ತಕಕ್ಕೆ ಕಣ್ಣೇ ಬೇಕು. ಆದರೆ ಕಥೆಯನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳಬೇಡಿ, ದಯವಿಟ್ಟು. ಓದುವವರು ಒಂದು ಕಡೆ ಉಸಿರು ತೆಗೆದುಕೊಂಡರೆ ಅದಕ್ಕೂ ಅರ್ಥ ಇರುತ್ತದೆ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಮಕ್ಕಳ ಪುಸ್ತಕದ ಬಗ್ಗೆ ಹೇಳಬೇಕಿತ್ತು, ಆಡಿಯೋ ಬುಕ್ಕಿಗೆ ದನಿ ಕೊಡುವವರ ಸಂಬಳದ ಬಗ್ಗೆ ಹೇಳಬೇಕಿತ್ತು. ಬಿಡುತ್ತೇನೆ. ಮಗಳ ಸುದ್ದಿ ಮಾತ್ರ ಹೇಳಿಬಿಡುತ್ತೇನೆ.

ಅವಳು ಜರ್ಮನಿಯಲ್ಲಿದ್ದಾಳೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಅವಳಿಗಾಗಿ ನಾನು ರಾತ್ರಿ ಹೊತ್ತು ತೇಜಸ್ವಿಯವರ 'ಕರ್ವಾಲೊ' ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಎರಡನೇ ವಾರಕ್ಕೆ ಅವಳು ಆ ಪುಸ್ತಕವನ್ನೇ ತರಿಸಿಕೊಂಡಳು. ನನ್ನ ದನಿ ಹಾಕಿಕೊಂಡು ಸಾಲಿನ ಮೇಲೆ ಬೆರಳಿಟ್ಟು ಓದುತ್ತಾಳಂತೆ. ಕೇಳುವ ಅಭ್ಯಾಸ ಓದು ಬಿಡಿಸುತ್ತದೆ ಅನ್ನುತ್ತಾರೆ. ನನ್ನ ಮಗಳಿಗೆ ಓದು ಹಿಡಿಸಿದ್ದೇ ಅದು.

'ಕರ್ವಾಲೊ'ದ ಕೊನೆಯ ಭಾಗ ರೆಕಾರ್ಡ್ ಮಾಡೋದು ಬಾಕಿ ಇರುವಾಗ ಅಮ್ಮನ ಹೊಸ ಕನ್ನಡಕ ಬಂತು. "ಇದನ್ನ ನಾನು ಓದ್ತೇನೆ" ಅಂದರು. ಹಾರುವ ಓತಿ ಪ್ರಪಾತದ ಕಡೆ ಹಾರಿ ತೇಲಿಹೋಗುತ್ತದಲ್ಲ, ಅಲ್ಲಿಗೆ ಬಂದು ನಿಲ್ಲಿಸಿಬಿಟ್ಟರು. ರೆಕಾರ್ಡಿನಲ್ಲಿ ಅರ್ಧ ನಿಮಿಷ ಏನೂ ಇಲ್ಲ, ಹೊರಗಿನ ಮಳೆ ಸದ್ದು ಮಾತ್ರ. ನೆಟ್‌ವರ್ಕ್ ಹೋಯಿತು ಅಂದುಕೊಂಡಳಂತೆ ಮಗಳು. ಆಮೇಲೆ ಅಜ್ಜಿ ಮೂಗು ಒರೆಸಿಕೊಂಡು ಮತ್ತೆ ಓದಿದ್ದು ಕೇಳಿಸಿತಂತೆ.

ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತಾರೆ. ನಮ್ಮ ಊರಿನಲ್ಲೂ ಪಿಯುಸಿ ಓದುತ್ತಿರುವ ಇಬ್ಬರು ಮಕ್ಕಳಿಗೆ ಅದು ಬೇಕಾಗಿದೆ. ಭಾನುವಾರ ಸಂಜೆ ನಾಲ್ಕು ಗಂಟೆಗೆ ಇಲ್ಲೇ ಹಿಂದಿನ ಕೋಣೆ ಕೊಡುತ್ತೇವೆ ಅಂತ ಗ್ರಂಥಾಲಯದವರು ಒಪ್ಪಿದ್ದಾರೆ. ವಾರಕ್ಕೆ ಒಂದು ಗಂಟೆ ಓದಲು ಸಿದ್ಧ ಇರುವವರು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆಸರು ಬರೆದು ಹೋಗಿ. ಮೊದಲ ಹೆಸರು ನನ್ನದಿದೆ. ಎರಡನೆಯದು ಅಮ್ಮನದು.