ಜಂತ್ರಡಿ ಎತ್ತುವ ಕೈ: ಅಘನಾಶಿನಿ ಅಳಿವೆಯ ಊರುಗಳು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರಲ್ಲಿ ಗೋಕರ್ಣಕ್ಕೆ ಹೋಗಿ ಬಂದವರು ಜಾಸ್ತಿ ಇರಬೇಕು. ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣದ ಕಡೆ ತಿರುಗಿದ ಮೇಲೆ ಎಡಕ್ಕೆ ಚೌಕ ಚೌಕವಾಗಿ ನಿಂತ ನೀರು, ಅದರ ಆಚೆ ಸಾಲಾಗಿ ಗುಡ್ಡೆ ಹಾಕಿದ ಉಪ್ಪು ಕಾಣುತ್ತದೆ. ಅದು ಸಾಣಿಕಟ್ಟೆ. ತುಂಬಾ ಜನ ಬಸ್ಸಿನ ಕಿಟಕಿಯಿಂದ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನಾನು ಇವತ್ತು ಅಲ್ಲೇ ಇಳಿದು ಮಾತಾಡುವವನು.

ಅಘನಾಶಿನಿ ಹುಟ್ಟುವುದು ಶಿರಸಿ ತಾಲ್ಲೂಕಿನಲ್ಲಿ. ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯ ಹತ್ತಿರ 116 ಮೀಟರ್ ಕೆಳಕ್ಕೆ ಧುಮುಕಿ, ಕಣಿವೆ ಹಿಡಿದು ಕುಮಟಾ ತಾಲ್ಲೂಕಿಗೆ ಬರುತ್ತದೆ. ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದದ ಹೊಳೆ, ಅಷ್ಟೇ. ಆದರೆ ಮೇಲಿನಿಂದ ಕೆಳಗಿನವರೆಗೆ ಇದಕ್ಕೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿ, ಕಾಳಿ ಎರಡೂ ಕರೆಂಟಿಗಾಗಿ ಕಟ್ಟಿಸಿಕೊಂಡವು, ಇದು ಉಳಿಯಿತು. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಮಣ್ಣು, ಎಲೆಗೊಬ್ಬರ, ಸಿಹಿನೀರು ಎಲ್ಲ ನೇರ ಕೆಳಗೆ ಬರುತ್ತದೆ. ಬೇಸಿಗೆಯಲ್ಲಿ ಸಮುದ್ರ ಒಳಗೆ ಹತ್ತಿ ದಿವಗಿ, ಮಿರ್ಜಾನಿನ ಆಚೆಗೂ ಹೋಗುತ್ತದೆ. ಇವೆರಡರ ನಡುವೆ ಬದುಕುವ ಊರುಗಳು ನಮ್ಮವು: ತದಡಿ, ಅಘನಾಶಿನಿ, ಕಾಗಾಲ, ಮಾಣಿಕಟ್ಟಾ, ಹಿರೇಗುತ್ತಿ, ತೊರ್ಕೆ, ಸಾಣಿಕಟ್ಟೆ. ಹಾಲಕ್ಕಿಯವರು, ಅಂಬಿಗರು, ಹರಿಕಂತ್ರರು, ಆಗೇರರು, ಪಟಗಾರರು, ನಾಮಧಾರಿಗಳು, ಮುಸಲ್ಮಾನರು, ಎಲ್ಲರಿಗೂ ಒಂದೇ ಹೊಳೆ.

ಹಳೆಯ ಇತಿಹಾಸ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಪ್ರವಾಸೋದ್ಯಮದ ಬೋರ್ಡಿನಲ್ಲೂ ಸಿಗುತ್ತದೆ. ಮಿರ್ಜಾನ್ ಕೋಟೆ ಇರುವುದು ಈ ಹೊಳೆಯ ಮಗ್ಗುಲಲ್ಲೇ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿ ಈ ಕರಾವಳಿ ಇತ್ತು. ಘಟ್ಟದ ಮೆಣಸು ಕಾಳು ಇಲ್ಲಿಂದ ಹಡಗು ಹತ್ತುತ್ತಿತ್ತು, ಅದಕ್ಕೇ ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದರು. ಆಮೇಲೆ ಕೆಳದಿಯವರು, ಹೈದರ್, ಟಿಪ್ಪು, ಕೊನೆಗೆ ಇಂಗ್ಲಿಷರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದರು. ಆ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತು, ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರತೊಡಗಿತು. ಬೆಳೆದದ್ದು ಬಯಲುಸೀಮೆಯಲ್ಲಿ, ಮಾರುಕಟ್ಟೆಯಲ್ಲಿ ಹೆಸರು ಮಾತ್ರ ‘ಕುಮಟಾ ಹತ್ತಿ’! ಮುಂದೆ ಮರ್ಮಗೋವಾಕ್ಕೆ ರೈಲು ಬಂತು, ಕುಮಟೆಯ ಆ ಭರಾಟೆ ಇಳಿಯಿತು.

ಹಡಗು ಬಂದವು, ಹೋದವು. ಊರು ನಿಂತದ್ದು ಇನ್ನೊಂದರ ಮೇಲೆ. ಗಜನಿಯ ಮೇಲೆ.

ಗಜನಿ ಅಂದರೆ ಹೊಳೆಯಂಚಿನ ತಗ್ಗು ಗದ್ದೆ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಉಪ್ಪುನೀರು ನುಗ್ಗುವ ಜಾಗ. ಹಿರಿಯರು ಹೊಳೆಗೂ ಗದ್ದೆಗೂ ನಡುವೆ ಕಲ್ಲು, ಕೆಸರು ಹಾಕಿ ಏರಿ ಕಟ್ಟಿದರು. ಏರಿ ಕೊಚ್ಚಿ ಹೋಗದ ಹಾಗೆ ಹೊರಗಡೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ಬೆಳೆಯಲು ಬಿಟ್ಟರು. ಅಲ್ಲಲ್ಲಿ ಬಾಯಿ ಬಿಟ್ಟು ಮರದ ಹಲಗೆಯ ಬಾಗಿಲು ಕೂರಿಸಿದರು. ಇದೇ ಜಂತ್ರಡಿ. ಹಲಗೆ ಎತ್ತಿದರೆ ನೀರು ಒಳಗೆ, ಇಳಿಸಿದರೆ ಹೊರಗೆ. ನಮ್ಮ ಊರಿನ ಕಥೆಯೆಲ್ಲ ಈ ಹಲಗೆಯನ್ನು ಯಾರು, ಯಾವಾಗ ಎತ್ತುತ್ತಾರೆ ಅನ್ನುವುದರಲ್ಲಿದೆ. ಇವತ್ತು ನಾನು ಹೇಳಬೇಕೆಂದು ಬಂದದ್ದೂ ಅದೇ.

ಜೂನ್ ತಿಂಗಳಲ್ಲಿ ಹಲಗೆ ಇಳಿಸಿ ಉಪ್ಪುನೀರನ್ನು ತಡೆಯಬೇಕು. ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯುತ್ತವೆ. ಆಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಬಿತ್ತುತ್ತಾರೆ. ಕಗ್ಗ ನಮ್ಮ ಗಜನಿಯ ಭತ್ತ. ಉಪ್ಪಿನಂಶ ತಡೆಯುತ್ತದೆ, ನೆರೆ ಬಂದು ಕೆಲವು ದಿನ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ, ಆಳೆತ್ತರ ಬೆಳೆಯುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ಕೊಯ್ಯುವಾಗ ಬುಡದಿಂದ ಕೊಯ್ಯುವುದಿಲ್ಲ, ತೆನೆಯಷ್ಟೇ ಕೊಯ್ದು ದಂಟನ್ನು ಅಲ್ಲೇ ಬಿಡುತ್ತಾರೆ. ಅದು ಸೋಮಾರಿತನ ಅಲ್ಲ. ಕೊಯ್ಲು ಮುಗಿದ ಮೇಲೆ ಹಲಗೆ ಎತ್ತಿದಾಗ ಭರತದ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಆ ದಂಟು ಕೊಳೆತು ಅವುಗಳಿಗೆ ಮೇವಾಗುತ್ತದೆ. ಅವು ತಿಂದು ಬಿಟ್ಟದ್ದು ಮುಂದಿನ ವರ್ಷದ ಕಗ್ಗಕ್ಕೆ ಗೊಬ್ಬರ. ಇದನ್ನು ಯಾವ ಇಲಾಖೆಯೂ ಬಂದು ಕಲಿಸಿದ್ದಲ್ಲ.

ನಾನು ಚಿಕ್ಕವನಿದ್ದಾಗ ಅಜ್ಜನ ಹಿಂದೆ ರಾತ್ರಿ ಜಂತ್ರಡಿಗೆ ಹೋಗುತ್ತಿದ್ದೆ. ಅಮಾವಾಸ್ಯೆ, ಹುಣ್ಣಿಮೆ ಆಜುಬಾಜಿನಲ್ಲಿ ನೀರಿನ ಏರಿಳಿತ ಜೋರು. ಇಳಿತ ಶುರುವಾದ ಕೂಡಲೇ ಬಾಗಿಲ ಬಾಯಿಗೆ ಬಲೆ ಕಟ್ಟಿ ಹಲಗೆ ಎತ್ತುವುದು. ಮೊದಲು ಏನೂ ಇಲ್ಲ, ನೀರಿನ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಬೆಳಕು ಬಿಟ್ಟರೆ ಬಲೆಯೊಳಗೆ ಕೆಂಪು ಕೆಂಪು ಚುಕ್ಕಿ. ಸಿಗಡಿಯ ಕಣ್ಣು. ನಾವು ಶೆಟ್ಲಿ ಅನ್ನುತ್ತೇವೆ. ಬಲೆಯ ಬಾಲ ಬಿಚ್ಚಿ ಬುಟ್ಟಿಗೆ ಸುರಿಯುವಾಗ ಅವು ಚಟಪಟ ಹಾರುವ ಸದ್ದು, ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ. ಅಜ್ಜ ಗಡಿಯಾರ ನೋಡಿದ್ದು ನಾನು ಕಂಡಿಲ್ಲ. ಕಾಲಿಗೆ ತಾಗುವ ನೀರು ತಿರುಗಿದ್ದು ಅವರಿಗೆ ಗೊತ್ತಾಗುತ್ತಿತ್ತು, “ತಮಾ, ಇಳಿತ ಬಂತು, ಬಲೆ ಹಿಡಿ” ಎನ್ನುತ್ತಿದ್ದರು.

ಏರಿ ಒಡೆದರೆ ಒಬ್ಬರ ಗದ್ದೆ ಅಲ್ಲ, ಎಲ್ಲರ ಗದ್ದೆಯೂ ಹೋಯಿತು. ಅದಕ್ಕೆ ಪ್ರತಿ ವರ್ಷ ಮನೆಗೊಬ್ಬರು ಬಂದು ಕೆಸರು ಹೊತ್ತು ಏರಿ ಸರಿ ಮಾಡುತ್ತಿದ್ದರು. ಜಗಳ ಇದ್ದವರೂ ಆ ದಿನ ಪಕ್ಕ ಪಕ್ಕ ನಿಲ್ಲಬೇಕು, ಬೇರೆ ದಾರಿ ಇಲ್ಲ.

1960–70ರ ದಶಕದಲ್ಲಿ ಸರ್ಕಾರ ಗಟ್ಟಿ ಏರಿ ಕಟ್ಟಿಸಿತು. ಒಳ್ಳೆಯ ಉದ್ದೇಶ, ನಾನು ಅಲ್ಲಗಳೆಯುವುದಿಲ್ಲ. ಆದರೆ ಏರಿ ಗಟ್ಟಿಯಾದ ಮೇಲೆ ಜನ ವರ್ಷಕ್ಕೊಮ್ಮೆ ಸೇರುವ ಅಗತ್ಯ ಕಡಿಮೆಯಾಯಿತು. ಅದೇ ಸಮಯಕ್ಕೆ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂತು. ಗಜನಿಗಳು ಹರಾಜಾಗತೊಡಗಿದವು. ಗುತ್ತಿಗೆ ಹಿಡಿದವನಿಗೆ ಕಗ್ಗ ಬೇಕಿಲ್ಲ, ಸಿಗಡಿ ಬೇಕು. ಜೂನ್‌ನಲ್ಲಿ ಇಳಿಯಬೇಕಾದ ಹಲಗೆ ಇಳಿಯಲಿಲ್ಲ. ನಮ್ಮ ಮನೆಯ ಪಾಲಿನ ಗದ್ದೆಯೂ ಹಾಗೇ ಹೋಯಿತು. ಗುತ್ತಿಗೆಯ ದುಡ್ಡು ಎರಡು ವರ್ಷ ಬಂತು, ಮೂರನೆಯ ವರ್ಷ ಬರಲಿಲ್ಲ, ಅಷ್ಟರಲ್ಲಿ ಮನೆಯ ಕಣಜದಲ್ಲಿ ಕಗ್ಗದ ಬೀಜವೂ ಇರಲಿಲ್ಲ. ನನಗೆ ಇವತ್ತಿಗೂ ಬೇಜಾರಾಗುವುದು ದುಡ್ಡಿಗಲ್ಲ, ಆ ಬೀಜಕ್ಕೆ.

1990ರ ದಶಕದ ನಡುವಿನಲ್ಲಿ ದೇಶದ ಸಿಗಡಿ ಕೆರೆಗಳಿಗೆ ಬಿಳಿಚುಕ್ಕೆ ರೋಗ ಬಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸಿಗಡಿ ಕೃಷಿಯ ಮೇಲೆ ಕಟ್ಟುನಿಟ್ಟು ತಂದಿತು. ದುಡ್ಡು ಹಾಕಿದವರು ಎದ್ದು ಹೋದರು. ಉಳಿದದ್ದು ಒಡೆದ ಏರಿ, ಹಲಗೆ ಇಲ್ಲದ ಬಾಗಿಲು, ಪಾಳು ಗಜನಿ. ಆದರೂ ಮಾಣಿಕಟ್ಟಾದ ರೈತರು ಒಟ್ಟಾಗಿ ಕಗ್ಗ ಬೆಳೆಯುವುದನ್ನು ಬಿಡಲಿಲ್ಲ. ಇವತ್ತು ಯಾರಿಗಾದರೂ ಕಗ್ಗದ ಬೀಜ ಸಿಗುತ್ತಿದ್ದರೆ ಅಂಥ ಊರುಗಳಿಂದಲೇ.

ಸಾಣಿಕಟ್ಟೆಯ ಉಪ್ಪಿನ ಆಗರದಲ್ಲೂ ಇದೇ ಹಲಗೆ, ಲೆಕ್ಕ ಮಾತ್ರ ಉಲ್ಟಾ. ಇಲ್ಲಿ ಬೇಸಿಗೆಯಲ್ಲಿ ಉಪ್ಪುನೀರು ಬೇಕು. ದೊಡ್ಡ ಭರತಕ್ಕೆ ನೀರು ತುಂಬಿಸಿ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ ಬಿಸಿಲಿಗೆ ಗಟ್ಟಿ ಮಾಡಿ, ಕೊನೆಗೆ ತುಳಿದು ಹದ ಮಾಡಿದ ಮಣ್ಣಿನ ಪಾತಿಗೆ ತರುತ್ತಾರೆ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಹರಳು ಕಟ್ಟಿರುತ್ತದೆ. ಮರದ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಹೆಂಗಸರು ಬುಟ್ಟಿಯಲ್ಲಿ ತಲೆ ಮೇಲೆ ಹೊತ್ತು ಗೋದಾಮಿಗೆ ಸಾಗಿಸುತ್ತಾರೆ. ಬಣ್ಣ ಬೆಳ್ಳಗಿಲ್ಲ, ಸ್ವಲ್ಪ ಕೆಂಪು-ಕಂದು, ನಮ್ಮ ಮಣ್ಣಿನದೇ. ಅಪ್ಪೆಮಿಡಿ ಉಪ್ಪಿನಕಾಯಿಗೆ ನಮ್ಮ ಕಡೆ ಈ ಉಪ್ಪೇ ಬೇಕು. ಒಣಮೀನಿಗೂ, ತೆಂಗಿನ ಬುಡಕ್ಕೂ ಇದೇ. ಇಲ್ಲಿ ಮಾಲೀಕರೆಲ್ಲ ಸೇರಿ 1952ರಲ್ಲಿ ಸಹಕಾರಿ ಸಂಘ ಮಾಡಿಕೊಂಡರು, ನಾಗರಬೈಲ್ ಸಂಘ. 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವಂತಿಲ್ಲ ಎಂದು ದೇಶಕ್ಕೆಲ್ಲ ನಿಯಮ ಬಂದಾಗ ಇಂಥ ಸಣ್ಣ ಆಗರಗಳಿಗೆ ಪೆಟ್ಟು ಬಿತ್ತು. ಇದೇ ಕರಾವಳಿಯಲ್ಲಿ, ಪಕ್ಕದ ಅಂಕೋಲೆಯಲ್ಲಿ, 1930ರ ಏಪ್ರಿಲ್ 13ರಂದು ಉಪ್ಪಿಗಾಗಿ ಜನ ಕಾನೂನು ಮುರಿದು ಜೈಲಿಗೆ ಹೋಗಿದ್ದರು, ನೆನಪಿರಲಿ.

ಈಗ ಮೇಲಿನಿಂದ ಬರುವ ಯೋಜನೆಗಳ ಮಾತು. 2006ರ ಸುಮಾರಿಗೆ ತದಡಿಯಲ್ಲಿ 4000 ಮೆಗಾವ್ಯಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುತ್ತೇವೆ ಅಂದರು. ಜನ ಒಪ್ಪಲಿಲ್ಲ, ಆಗಲಿಲ್ಲ. 2024ರ ಜನವರಿಯಲ್ಲಿ ನಮ್ಮ ಅಳಿವೆಯ 4801 ಹೆಕ್ಟೇರ್, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಖುಷಿಯಾಯಿತು. ಆದರೆ ಈಗ ಅಘನಾಶಿನಿಯ ನೀರನ್ನು ಘಟ್ಟದ ಮೇಲೆ ಎತ್ತಿ ಬಯಲುಸೀಮೆಯ ವೇದಾವತಿ ಹೊಳೆಗೆ ಸೇರಿಸುವ ಮಾತು ನಡೆದಿದೆ. ಬಯಲುಸೀಮೆಯವರ ಬಾಯಾರಿಕೆ ನನಗೆ ಅರ್ಥವಾಗುತ್ತದೆ. ಆದರೆ “ಸಮುದ್ರಕ್ಕೆ ಸುಮ್ನೆ ಹರಿದು ಹೋಗುವ ನೀರು” ಅನ್ನುತ್ತಾರಲ್ಲ, ಆ ಮಾತು ಸರಿಯಲ್ಲ. ಆ ನೀರು ಬರದಿದ್ದರೆ ಗಜನಿಯ ಉಪ್ಪು ತೊಳೆಯುವುದು ಯಾರು? ಸಿಗಡಿ ಮರಿಗೆ, ಬೆಳಚಿಗೆ (ಹೊಳೆಯ ತಳದ ಚಿಪ್ಪುಮೀನಿಗೆ) ಬೇಕಾದ ಹದ ಬರುವುದು ಹೇಗೆ? ಆಗ ಜಂತ್ರಡಿ ಎತ್ತುವ ಕೈ ಮಾಣಿಕಟ್ಟಾದಲ್ಲಿ ಇರುವುದಿಲ್ಲ, ಘಟ್ಟದ ಮೇಲಿನ ಪಂಪ್‌ಹೌಸಿನಲ್ಲಿ ಇರುತ್ತದೆ.

ನೋಡಬೇಕು ಅನ್ನುವವರು ಫೆಬ್ರವರಿ, ಮಾರ್ಚಿನಲ್ಲಿ ಬನ್ನಿ, ಉಪ್ಪು ಎಳೆಯುವ ಕಾಲ. ತದಡಿಯಿಂದ ಅಘನಾಶಿನಿ ಊರಿಗೆ ದೋಣಿ ಇದೆ. ಇಳಿತದ ಹೊತ್ತಿಗೆ ಹತ್ತಿದರೆ ಹೊಳೆಯ ನಡುವೆ ಸೊಂಟ ಮಟ್ಟದ ನೀರಿನಲ್ಲಿ ಜನ ನಿಂತಿರುವುದು ಕಾಣುತ್ತದೆ. ಕಾಲಿನಿಂದ ತಡಕಿ ಬೆಳಚು ತೆಗೆಯುತ್ತಿರುತ್ತಾರೆ, ಪಕ್ಕದಲ್ಲಿ ಪಾತ್ರೆ ತೇಲುತ್ತಿರುತ್ತದೆ. ಮಾತಾಡಿಸಿ, ಮಾತಾಡುತ್ತಾರೆ. ಆದರೆ ಬೇಗ ಮುಗಿಸಿ, ಭರತ ಬಂದರೆ ಅವರು ಏಳಬೇಕು.