ಇಸುಬಿಗೆ ಎಣ್ಣೆ: ಒಳಗೆಷ್ಟು, ಹೊರಗೆಷ್ಟು

ಎಲ್ಲರಿಗೂ ನಮಸ್ಕಾರ. ಇಸುಬು (ಎಕ್ಸಿಮಾ) ಎಂದರೆ ಸಾಕು, ನಮ್ಮ ಹಾಸನದ ಕಡೆ ಮೊದಲು ಬರುವ ಸಲಹೆ 'ಎಣ್ಣೆ ಬಿಟ್ಟುಬಿಡಿ'. ಯಾವ ಎಣ್ಣೆ, ತಿನ್ನುವುದೋ ಹಚ್ಚುವುದೋ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಚರ್ಮದ ಮೇಲ್ಪದರದ ಕೋಶಗಳ ನಡುವೆ ತುಂಬಿರುವುದೇ ಕೊಬ್ಬು. ತೂಕದಲ್ಲಿ ಸುಮಾರು ಅರ್ಧ ಸೆರಮೈಡ್ ಎಂಬ ಕೊಬ್ಬು, ಕಾಲು ಭಾಗ ಕೊಲೆಸ್ಟ್ರಾಲ್, ಉಳಿದದ್ದು ಬಹುಪಾಲು ಕೊಬ್ಬಿನಾಮ್ಲ. ನೀರು ಸೋರದಂತೆ ತಡೆಯುವ ಸೆರಮೈಡ್ ತಯಾರಾಗಲು ಒಮೇಗಾ-6 ಗುಂಪಿನ ಲಿನೋಲೆಯಿಕ್ ಆಮ್ಲ ಬೇಕು. ದೇಹಕ್ಕೆ ಅದನ್ನು ಮಾಡಿಕೊಳ್ಳಲು ಬಾರದು, ಊಟದಿಂದಲೇ ಬರಬೇಕು. 1929ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬರ್ ದಂಪತಿ ಕೊಬ್ಬಿಲ್ಲದ ಆಹಾರ ಕೊಟ್ಟು ಸಾಕಿದ ಇಲಿಗಳ ಚರ್ಮ ಹೊಟ್ಟೆದ್ದು ಹೋಯಿತು.

ತೊಡಕು ಏನೆಂದರೆ, ಇದೇ ಆಮ್ಲದಿಂದ ಅರಾಕಿಡೋನಿಕ್ ಆಮ್ಲವೂ ಹುಟ್ಟುತ್ತದೆ. ಚರ್ಮಕ್ಕೆ ಪೆಟ್ಟಾದಾಗ ಫಾಸ್ಫೋಲೈಪೇಸ್ ಕಿಣ್ವ ಅದನ್ನು ಕೋಶದ ಪೊರೆಯಿಂದ ಕತ್ತರಿಸಿ ಬಿಡುತ್ತದೆ. ಅಲ್ಲಿಂದ ಒಂದು ಕವಲು ಪ್ರೊಸ್ಟಗ್ಲಾಂಡಿನ್: ರಕ್ತನಾಳ ಹಿಗ್ಗಿ ಚರ್ಮ ಕೆಂಪಾಗುತ್ತದೆ. ಇನ್ನೊಂದು ಕವಲು ಲ್ಯೂಕೋಟ್ರೈಯೀನ್: ಬಿಳಿ ರಕ್ತಕಣಗಳನ್ನು ಆ ಜಾಗಕ್ಕೆ ಕರೆಸುತ್ತದೆ. ಆಸ್ಪಿರಿನ್ ಮೊದಲ ಕವಲನ್ನಷ್ಟೇ ಮುಚ್ಚುತ್ತದೆ. ಸ್ಟೀರಾಯ್ಡ್ ಅದಕ್ಕೂ ಮೇಲೆ, ಕತ್ತರಿಸುವ ಹಂತದಲ್ಲೇ ಹಿಡಿಯುತ್ತದೆ. ಉರಿಯೂತ ತಾನಾಗಿ ಆರುವುದಿಲ್ಲ, ಆರಿಸಲು ರಿಸಾಲ್ವಿನ್‌ಗಳಂಥ ಅಣುಗಳು ಬೇಕು. ಅವು ಹುಟ್ಟುವುದು ಒಮೇಗಾ-3 ಎಂಬ ಇನ್ನೊಂದು ಗುಂಪಿನ ಕೊಬ್ಬಿನಾಮ್ಲದಿಂದ.

ನಮ್ಮ ಅಡುಗೆಮನೆಯಲ್ಲಿ ಕೊರತೆ ಇರುವುದೂ ಅದರದೇ. ಸೂರ್ಯಕಾಂತಿ ಎಣ್ಣೆ, ಹುಚ್ಚೆಳ್ಳು ಚಟ್ನಿಪುಡಿ ಎರಡರಲ್ಲೂ ಒಮೇಗಾ-6 ಧಾರಾಳ, ಒಮೇಗಾ-3 ಇಲ್ಲವೆಂದರೂ ನಡೆದೀತು. ಅಗಸೆ ಬೀಜ ಒಂದು ಚಮಚ, ಸುಮಾರು 7 ಗ್ರಾಂ ಪುಡಿ, ಒಂದೂವರೆ ಗ್ರಾಂ ಒಮೇಗಾ-3 ಕೊಡುತ್ತದೆ. ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ. ಹದವಾಗಿ ಹುರಿದು ಪುಡಿಮಾಡಿ, ವಾರಕ್ಕಾಗುವಷ್ಟೇ. ಕಮಟು ವಾಸನೆ ಬಂದರೆ ಎಸೆಯಿರಿ. ಆದರೆ ಅಗಸೆಯ ಒಮೇಗಾ-3ರಲ್ಲಿ ಸ್ವಲ್ಪ ಮಾತ್ರ ದೇಹಕ್ಕೆ ಬೇಕಾದ ರೂಪಕ್ಕೆ ತಿರುಗುತ್ತದೆ. ಮೀನು ತಿನ್ನುವವರಿಗೆ ಘಟ್ಟ ಹತ್ತಿ ಬರುವ ಬಂಗುಡೆ, ಭೂತಾಯಿ ಒಳ್ಳೆಯದು, ಕರಿದದ್ದಕ್ಕಿಂತ ಸಾರು ಮೇಲು. ಇಸುಬಿಗೆಂದು ಮೀನೆಣ್ಣೆ ಕ್ಯಾಪ್ಸೂಲ್ ಕೊಳ್ಳುವುದಕ್ಕೆ ಗಟ್ಟಿ ಆಧಾರವಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಹೆಚ್ಚು ಲಾಭ ಹೊರಗಿನಿಂದಲೇ. ಆಲಿವ್ ಎಣ್ಣೆ ಬೇಡ, ಅದರ ಓಲೆಯಿಕ್ ಆಮ್ಲ ಚರ್ಮದ ಕೊಬ್ಬಿನ ಪದರವನ್ನೇ ಸಡಿಲಿಸುತ್ತದೆ. ತೆಂಗಿನೆಣ್ಣೆ ಒಣ ಚರ್ಮಕ್ಕೆ ಆಗುತ್ತದೆ, ರಸ ಸೋರುವ ಜಾಗಕ್ಕಲ್ಲ. ಎಣ್ಣೆ ತಿಕ್ಕಿಕೊಂಡು ಹಂಡೆಯ ಸುಡುನೀರು ಹೊಯ್ದು, ಸೋಪು, ಸೀಗೆಪುಡಿಯಲ್ಲಿ ಉಜ್ಜಿದರೆ ಹಚ್ಚಿದ್ದೂ ಹೋಯಿತು, ಚರ್ಮದ ಸ್ವಂತ ಕೊಬ್ಬೂ ಹೋಯಿತು. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ, ಟವೆಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಮಾಯಿಶ್ಚರೈಸರ್. ಮೈತುಂಬ ಇಸುಬಿದ್ದರೆ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಬೇಕು. 50 ಗ್ರಾಂ ಟ್ಯೂಬನ್ನು ತಿಂಗಳು ಎಳೆದರೆ ಗುಣ ಕಾಣುವುದು ಎಲ್ಲಿಂದ?

ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟಿದ್ದರೆ ಮಾಯಿಶ್ಚರೈಸರಿಗೂ ಅದಕ್ಕೂ ಅರ್ಧ ಗಂಟೆ ಅಂತರವಿರಲಿ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ್ದು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.