ಹಕಾತ ರಾಮೆನ್: ಸೂಪ್ ಮುಗಿಸುವ ಮೊದಲು ಇದನ್ನು ನೋಡಿ

[ದೃಶ್ಯ: ಫುಕುವೊಕದ ಒಂದು ಬೀದಿ, ಮಧ್ಯಾಹ್ನ ಎರಡೂಮುಕ್ಕಾಲು]

ನಮಸ್ಕಾರ. ಊಟದ ಹೊತ್ತು ಮೀರಿದೆ, ಹೊಟ್ಟೆ ಚುರುಗುಟ್ಟುತ್ತಿದೆ, ನಾವಿರುವುದು ಜಪಾನಿನ ಫುಕುವೊಕದಲ್ಲಿ. ಹಕಾತ ಅನ್ನೋದು ಇದೇ ಊರಿನ ಒಂದು ಭಾಗ. ರಾಮೆನ್‌ಗೆ, ಅಂದರೆ ಬಿಸಿ ಸೂಪಿನಲ್ಲಿ ಬರುವ ನೂಡಲ್ಸ್‌ಗೆ, ಇದು ಒಳ್ಳೇ ಸಮಯ, ಹನ್ನೆರಡು ಗಂಟೆಗೆ ಬಾಗಿಲಾಚೆಗೂ ಇದ್ದ ಸಾಲು ಈಗ ಕರಗಿರುತ್ತದೆ. ಆದರೆ ಎಷ್ಟೋ ಅಂಗಡಿಗಳು ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತವೆ. ಬಾಗಿಲಲ್ಲಿ 'ಜುಂಬಿ ಚೂ' ಅನ್ನೋ ಬೋರ್ಡ್ ಇದ್ದರೆ ಒಳಗೆ ಇನ್ನೂ ತಯಾರಿ ನಡೆದಿದೆ ಅಂತ ಅರ್ಥ.

ಹೆಚ್ಚಿನ ಕಡೆ ಒಳಗೆ ಹೋದ ಕೂಡಲೇ ಒಂದು ಮೆಷಿನ್ ಸಿಗುತ್ತದೆ. ದುಡ್ಡು ಹಾಕಿ, ಬಟನ್ ಒತ್ತಿ, ಚೀಟಿ ಕೊಡಿ. ನಮ್ಮ ದರ್ಶಿನಿಯ ಟೋಕನ್ ಇದ್ದಂಗೆ. ಆಮೇಲೆ ನೂಡಲ್ಸ್ ಎಷ್ಟು ಬೇಯಬೇಕು ಅಂತ ಕೇಳುತ್ತಾರೆ. ಮೆತ್ತಗೆ ಬೇಕಾದರೆ 'ಯಾವಾ', ಸಾಧಾರಣಕ್ಕೆ 'ಫುತ್ಸೂ', ಗಟ್ಟಿಗೆ 'ಕಾತಾ', ಇನ್ನೂ ಗಟ್ಟಿಗೆ 'ಬರಿಕಾತಾ'. ನಾನು ಯಾವಾಗಲೂ ಕಾತಾ ಹೇಳುತ್ತೇನೆ, ಯಾಕಂದರೆ ಬಿಸಿ ಸೂಪಿನಲ್ಲಿ ಅದು ಬೇಯುತ್ತಲೇ ಇರುತ್ತದೆ.

[ದೃಶ್ಯ: ಬಟ್ಟಲು, ತೀರಾ ಹತ್ತಿರದಿಂದ]

ಸೂಪ್ ನೋಡಿ, ಹಾಲಿನಷ್ಟು ಬೆಳ್ಳಗಿದೆ. ಇದರಲ್ಲಿ ಹಾಲಿಲ್ಲ. ಹಂದಿ ಮೂಳೆಯನ್ನು ಜೋರು ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿದಾಗ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಬೆರೆಯುತ್ತದೆ, ಮೂಳೆ ಬಿಟ್ಟ ಜೆಲಾಟಿನ್ ಅದನ್ನು ಮತ್ತೆ ತೇಲಿ ಬೇರೆಯಾಗಲು ಬಿಡುವುದಿಲ್ಲ. ಕಾಲು ಸೂಪ್ ಕುಡಿದವರಿಗೆ ಗೊತ್ತಿರುತ್ತೆ ಅಲ್ವಾ, ತುಟಿ ಅಂಟುತ್ತದೆ. ಇಲ್ಲೂ ಹಾಗೇ. ಸಸ್ಯಾಹಾರಿಗಳು ಗಮನಿಸಿ, ಮೇಲಿನ ಮಾಂಸದ ತುಂಡು ಬೇಡ ಅಂದರೆ ಸಾಲದು, ಸೂಪೇ ಮೂಳೆಯದು. ಮೂಳೆ ಸೂಪಿನ ಈ ರಾಮೆನ್ 1937ರಲ್ಲಿ ಪಕ್ಕದ ಕುರುಮೆ ಊರಿನ ಒಂದು ಗಾಡಿಯಲ್ಲಿ ಶುರುವಾಯಿತು.

ಇನ್ನು ನೂಡಲ್ಸ್. ಶಾವಿಗೆಯಷ್ಟು ತೆಳ್ಳಗೆ, ನೆಟ್ಟಗೆ. ಯಾಕೆ ಇಷ್ಟು ತೆಳು? ಇಲ್ಲಿನ ನಾಗಾಹಾಮಾ ಮೀನು ಮಾರುಕಟ್ಟೆಯವರಿಗೆ ಕೂತು ಕಾಯುವಷ್ಟು ಪುರುಸೊತ್ತು ಇರಲಿಲ್ಲ, ತೆಳು ನೂಡಲ್ಸ್ ಆದರೆ ಥಟ್ಟನೆ ಬೇಯುತ್ತಿತ್ತು. ಅಷ್ಟೇ ಬೇಗ ಮುದ್ದೆಯೂ ಆಗುತ್ತಿತ್ತು. ಅದಕ್ಕೇ ಮೊದಲು ಸ್ವಲ್ಪ ಹಾಕಿ, ಹಸಿವಿದ್ದವರಿಗೆ ಇನ್ನೊಂದು ಸಲ ಬಿಸಿಬಿಸಿ ಹಾಕುವ ರೂಢಿ ಬಂತು. ಅದರ ಹೆಸರು 'ಕಾಎದಮ'. ನನಗೆ ಈ ಊಟದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಹಾಗಾಗಿ ಸೂಪ್ ಪೂರ್ತಿ ಕುಡೀಬೇಡಿ, ಅರ್ಧಕ್ಕಿಂತ ಜಾಸ್ತಿ ಉಳಿಸಿಕೊಳ್ಳಿ. ನೂಡಲ್ಸ್ ಕೊನೆಯ ಎರಡು ತುತ್ತು ಇರುವಾಗಲೇ ಸುಮ್ನೆ "ಕಾಎದಮ" ಅನ್ನಿ.

[ದೃಶ್ಯ: ನೀರು ಸೋಸಿದ ನೂಡಲ್ಸ್ ಬಟ್ಟಲಿಗೆ ಬೀಳುತ್ತದೆ]

ಬಂತು! ಈಗ ಸೂಪ್ ಸ್ವಲ್ಪ ಸಪ್ಪೆ ಅನ್ನಿಸಬಹುದು. ಕೌಂಟರ್ ಮೇಲೆ ರಾಮೆನ್ ಸಾಸ್ ಇಟ್ಟಿದ್ದರೆ ಒಂದು ಸುತ್ತು ಹಾಕಿ, ಎರಡು ಎಳೆ ಕೆಂಪು ಶುಂಠಿ, ಮೇಲೆ ಎಳ್ಳು. ಸೊರ್ ಅಂತ ಸದ್ದು ಮಾಡಿ ಎಳೆಯಿರಿ, ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.